ಒಬ್ಬರಿಗೇ ವ್ಯಾಕ್ಯೂಮ್ ಸೀಲರ್ ಬೇಕಾ? ಮೊದಲು ಫ್ರೀಜರ್ ಬಾಗಿಲು ತೆಗೆದು ನೋಡಿ

ಹೋದ ತಿಂಗಳು ಆಫೀಸಿನ ಗೆಳತಿಯೊಬ್ಬಳು ಮೊಬೈಲ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು. ಸ್ಕ್ರೀನ್ ಮೇಲೆ ಕಪ್ಪಗೆ, ಉದ್ದಕ್ಕೆ, ಹಾರ್ಮೋನಿಯಂ ಪೆಟ್ಟಿಗೆಯ ತಮ್ಮನ ಹಾಗಿರುವ ಒಂದು ಮಿಷನ್. "ಅಕ್ಕ, ಇದು ನಿಮ್ಮ ಮನೇಲಿ ಇದೆ ಅಲ್ವಾ? ತಗೊಳ್ಳಲಾ ಬೇಡವಾ, ಒಂದೇ ಮಾತಲ್ಲಿ ಹೇಳಿಬಿಡಿ" ಅಂದಳು. ಅವಳೂ ನನ್ನ ಹಾಗೆ ಬೆಂಗಳೂರಿನಲ್ಲಿ ಒಂದು ರೂಮು, ಒಂದು ಅಡುಗೆಮನೆ ಇಟ್ಟುಕೊಂಡು ಒಬ್ಬಳೇ ಇರುವವಳು. ನನಗೆ ಒಂದೇ ಮಾತಲ್ಲಿ ಹೇಳಲು ಬರಲಿಲ್ಲ. "ನಿನ್ನ ಫ್ರೀಜರ್ ಎಷ್ಟು ದೊಡ್ಡದು?" ಅಂತ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

ನಾನು ಕುಂದಾಪುರದ ಕಡೆಯವಳು. ಮೂರು ವರ್ಷದಿಂದ ಈ ವ್ಯಾಕ್ಯೂಮ್ ಸೀಲರ್ ನನ್ನ ಹತ್ತಿರ ಇದೆ. ಕೊಂಡಾಗ ಅಮ್ಮ ಫೋನಲ್ಲಿ "ಅದೆಂತಕ್ಕೆ ಮಗಾ, ಎರಡು ಬಂಗುಡೆ ಇಡ್ಲಿಕ್ಕೆ ಒಂದು ಮಿಷನ್ನಾ?" ಅಂದಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಮಾತ್ರ ಸ್ವಲ್ಪ ಉದ್ದ ಇದೆ.

ಮೊದಲು ಮಿಷನ್ ಏನು ಮಾಡುತ್ತದೆ ಅಂತ ನೋಡೋಣ. ಹಪ್ಪಳ ಮಾಡಿ ಮಾರುವ ಮನೆಗಳಲ್ಲಿ ಕವರಿನ ಬಾಯಿಯನ್ನು ಹ್ಯಾಕ್ಸಾ ಬ್ಲೇಡಿನ ಮೇಲೆ ಮಡಚಿ, ಮೇಣದ ಬತ್ತಿಯ ಉರಿಯ ಮೇಲೆ ಸರ್‍ರ್ ಅಂತ ಎಳೆದು ಅಂಟಿಸುವುದನ್ನು ನೋಡಿದ್ದೀರಾ? ಈ ಮಿಷನ್ನಿನ ಅರ್ಧ ಕೆಲಸ ಅದೇ. ಒಂದು ತೆಳು ತಂತಿ ಬಿಸಿಯಾಗಿ ಕವರಿನ ಎರಡೂ ಪದರ ಕರಗಿಸಿ ಅಂಟಿಸುತ್ತದೆ. ಇನ್ನರ್ಧ ಕೆಲಸ, ಅಂಟಿಸುವ ಮೊದಲು ಒಳಗಿನ ಗಾಳಿ ಎಳೆಯುವುದು. ಕವರಿನ ಬಾಯಿಯನ್ನು ಮಿಷನ್ನಿನ ತುಟಿಯೊಳಗೆ ಇಟ್ಟು ಮುಚ್ಚಳ ಒತ್ತಿದರೆ ಪುಟ್ಟ ಪಂಪ್ ಗುರ್ ಅನ್ನುತ್ತದೆ, ಕವರ್ ಪದಾರ್ಥಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ, ಅರ್ಧ ನಿಮಿಷದಲ್ಲಿ ಮುಗಿಯಿತು. ಕರೆಂಟಿನ ಚಿಂತೆ ಬೇಡ. 120 ವ್ಯಾಟ್‌ನ ಮಿಷನ್ ಒಂದು ಪ್ಯಾಕಿಗೆ ಒಂದು ನಿಮಿಷ ಓಡಿದರೂ ಒಂದು ಯೂನಿಟ್‌ನಲ್ಲಿ 500 ಪ್ಯಾಕ್ ಆಗುತ್ತದೆ.

ಕವರ್ ಮಾತ್ರ ಯಾವುದೋ ಒಂದು ಆಗುವುದಿಲ್ಲ. ಒಂದು ಮಗ್ಗುಲು ಉಬ್ಬುತಗ್ಗಿನ ಗೆರೆಗಳಿರುವ ಕವರೇ ಬೇಕು. ನುಣುಪಾದ ಕವರಿನ ಎರಡು ಪದರ ಒಂದಕ್ಕೊಂದು ಅಂಟಿಕೊಂಡರೆ ಹಿಂದಿರುವ ಗಾಳಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ, ಆ ಗೆರೆಗಳೇ ದಾರಿ. ಈ ಕವರಿನಲ್ಲಿ ಹೊರಗಡೆ ನೈಲಾನ್ ಪದರ, ಒಳಗಡೆ ಪಾಲಿಥೀನ್ ಪದರ ಇರುತ್ತದೆ. ನೈಲಾನ್ ಆಮ್ಲಜನಕವನ್ನು ತಡೆಯುತ್ತದೆ, ಪಾಲಿಥೀನ್ ತೇವ ತಡೆಯುತ್ತದೆ, ಬಿಸಿಗೆ ಕರಗಿ ಅಂಟುವುದೂ ಅದೇ. ಸಾದಾ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದಿಟ್ಟರೂ ದಿನ ಕಳೆದ ಹಾಗೆ ಆಮ್ಲಜನಕ ಮೆಲ್ಲಗೆ ಒಳಗೆ ಜಿನುಗುತ್ತದೆ. ದುಬಾರಿ ಕವರ್ ತಗೊಳ್ಳಬೇಕಾದದ್ದು ಅದಕ್ಕೆ.

ಎಳೆಯುವ ಬಲ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿದೆ, ನನಗೇ ನಂಬಲಾಗಲಿಲ್ಲ. ಸಮುದ್ರಮಟ್ಟದಲ್ಲಿ ಗಾಳಿ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕೆಜಿ ಭಾರ ಹಾಕುತ್ತದೆ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯೇ ಶೇ. 10ರಷ್ಟು ತೆಳು. ಮನೆಬಳಕೆಯ ಮಿಷನ್ ಅದರಲ್ಲಿ ಒಂದು ಚದರ ಸೆಂಟಿಮೀಟರಿಗೆ 600 ಗ್ರಾಂನಷ್ಟು ಕಡಿಮೆ ಮಾಡುತ್ತದೆ ಅಂತ ಹಿಡಿಯಿರಿ. 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಕವರಿನ ಒಂದು ಮಗ್ಗುಲಿಗೆ 500 ಚದರ ಸೆಂಟಿಮೀಟರ್. ಅಂದರೆ ಕವರನ್ನು ಹೊರಗಿನ ಗಾಳಿ ಸುಮಾರು 300 ಕೆಜಿ ಬಲದಲ್ಲಿ ಅಮುಕುತ್ತಿದೆ! ನಾನು ಮೊದಲ ದಿನವೇ ಅಮ್ಮ ಕಳಿಸಿದ ಚಕ್ಕುಲಿ ಹಾಕಿ ಸೀಲ್ ಮಾಡಿದೆ. ಕರಕರ ಅಂತ ಶಬ್ದ ಬಂತು, ಸಿಕ್ಕಿದ್ದು ಚಕ್ಕುಲಿ ಪುಡಿ. ಅಂಗಡಿಯ ಚಿಪ್ಸ್ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿರುವುದು ಇದಕ್ಕೇ. ಅಲ್ಲಿ ನಿರ್ವಾತ ಮಾಡುವುದಿಲ್ಲ, ಆಮ್ಲಜನಕ ತೆಗೆದು ನೈಟ್ರೋಜನ್ ತುಂಬುತ್ತಾರೆ.

ಹಾಗಾದರೆ ಗಾಳಿ ಹೋದರೆ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ? ಇಲ್ಲೇ ಎಲ್ಲರೂ ಎಡವುವುದು. ನಾವು "ಕೆಟ್ಟುಹೋಯಿತು" ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಆದರೆ ಕೆಡುವುದಕ್ಕೆ ನೂರು ದಾರಿ. ಬ್ರೆಡ್ಡಿಗೆ ಬೂಷ್ಟು ಬರುವುದು ಬೇರೆ, ಹುರಿದ ಶೇಂಗಾ ಕಮಟು ವಾಸನೆ ಹೊಡೆಯುವುದು ಬೇರೆ, ಹಪ್ಪಳ ಮೆತ್ತಗಾಗುವುದು ಬೇರೆ, ಅಕ್ಕಿಗೆ ನುಸಿ ಬೀಳುವುದು ಬೇರೆ, ಅನ್ನ ಹಳಸುವುದು ಬೇರೆ. ಮೊದಲ ನಾಲ್ಕಕ್ಕೆ ಗಾಳಿ ಬೇಕು, ಇಲ್ಲವೇ ಗಾಳಿಯ ಜೊತೆ ಬರುವ ತೇವ ಬೇಕು. ಬೂಷ್ಟಿಗೆ ಉಸಿರಾಡಲು ಆಮ್ಲಜನಕ ಬೇಕು. ಎಣ್ಣೆಯಂಶ ಕಮಟಾಗುವುದೇ ಆಮ್ಲಜನಕ ತಾಗಿ. ಅಲ್ಲೆಲ್ಲ ಮಿಷನ್ ನಿಜವಾಗಿಯೂ ಕೆಲಸ ಮಾಡುತ್ತದೆ. ಅನ್ನ, ಪಲ್ಯ, ಸಾರು ಹಳಸುವ ವಿಷಯಕ್ಕೆ ಬಂದರೆ ಮಾತ್ರ ಕಥೆ ಬದಲಾಗುತ್ತದೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಗಾಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅನ್ನುವವು ತುಂಬಾ ಇವೆ. ಗಾಳಿ ಇಲ್ಲದ ಕಡೆ ಮಾತ್ರ ಬೆಳೆಯುವವೂ ಇವೆ. ಅದರಲ್ಲಿ ಕುಖ್ಯಾತವಾದದ್ದು ಕ್ಲಾಸ್ಟ್ರಿಡಿಯಂ ಬೊಟುಲಿನಂ. ಅದರ ಬೀಜಾಣುಗಳು ಮಣ್ಣಿನಲ್ಲಿ ಇರುತ್ತವೆ, ಬೆಳ್ಳುಳ್ಳಿ, ಗೆಡ್ಡೆ, ಅಣಬೆಗಳ ಜೊತೆ ಮನೆಗೆ ಬರುತ್ತವೆ. ಸಾದಾ ಕುದಿತಕ್ಕೆ ಬೀಜಾಣು ಸಾಯುವುದಿಲ್ಲ. ತೇವ ಇರಬೇಕು, ಹುಳಿ ಕಡಿಮೆ ಇರಬೇಕು, ಗಾಳಿ ಇರಬಾರದು, ಬೆಚ್ಚಗಿರಬೇಕು. ಈ ನಾಲ್ಕೂ ಒಟ್ಟಿಗೆ ಸಿಕ್ಕಿದರೆ ಅದು ಮೊಳೆತು ವಿಷ ಉಗುಳುತ್ತದೆ, ಆ ವಿಷ ನರಗಳಿಗೆ ಹೊಡೆಯುತ್ತದೆ. ಈಗ ಯೋಚಿಸಿ. ಬೆಳ್ಳುಳ್ಳಿ ಹಾಕಿದ ಪಲ್ಯವನ್ನು ವ್ಯಾಕ್ಯೂಮ್ ಕವರಿನಲ್ಲಿ ಹಾಕಿ ಅಡುಗೆಕಟ್ಟೆಯ ಮೇಲೆ ಇಟ್ಟರೆ ಆ ನಾಲ್ಕನ್ನೂ ನಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. ಗಾಳಿ ಇದ್ದಿದ್ದರೆ ಬೂಷ್ಟು ಬಂದು, ವಾಸನೆ ಬಂದು "ತಿನ್ನಬೇಡ" ಅಂತ ಹೇಳುತ್ತಿತ್ತು. ಗಾಳಿ ತೆಗೆದು ಆ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಿದ್ದೇವೆ. ಈ ವಿಷಕ್ಕೆ ಬಣ್ಣ, ವಾಸನೆ ಇರಲೇಬೇಕೆಂದಿಲ್ಲ. ಕಾಯಿಲೆ ಅಪರೂಪ, ನಿಜ. ಆದರೆ ಬಂದರೆ ಉಸಿರಾಟದ ಸ್ನಾಯುಗಳನ್ನೇ ಹಿಡಿಯುವಂಥದ್ದು. ಹಾಗಾಗಿ ನಾನು ಇದರಲ್ಲಿ ಸಡಿಲ ಬಿಡುವುದಿಲ್ಲ.

ಅನ್ನದ್ದು ಇನ್ನೊಂದು ಕಥೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಇರುತ್ತದೆ, ಅದರ ಬೀಜಾಣುವೂ ಅನ್ನ ಬೇಯುವಾಗ ಬದುಕುಳಿಯುತ್ತದೆ. ಅನ್ನ ಹೊರಗೆ ಗಂಟೆಗಟ್ಟಲೆ ಬೆಚ್ಚಗೆ ಇದ್ದರೆ ಬೆಳೆಯುತ್ತದೆ. ಅದರ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗಾಳಿ ತೆಗೆದದ್ದಕ್ಕೆ ಅದೇನೂ ಹೆದರುವುದಿಲ್ಲ.

ಆದ್ದರಿಂದ ನನ್ನ ಮನೆಯ ನಿಯಮ ಇಷ್ಟೇ. ಒಣ ಪದಾರ್ಥ ಆದರೆ ಸೀಲ್ ಮಾಡಿ ಕಪಾಟಿನಲ್ಲಿ ಇಡಬಹುದು. ಹಸಿ, ಬೇಯಿಸಿದ, ತೇವ ಇರುವ ಯಾವುದೇ ಆದರೂ ಸೀಲ್ ಆದ ಕೂಡಲೇ ಫ್ರೀಜರಿಗೆ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡುವುದಾದರೆ ಡಬ್ಬದಲ್ಲಿ ಇಟ್ಟರೆ ಎಷ್ಟು ದಿನ ಇಡುತ್ತೀರೋ ಅಷ್ಟೇ ದಿನ, ಮೇಲೆ ಒಂದು ದಿನವೂ ಇಲ್ಲ. "ಐದು ಪಟ್ಟು ಜಾಸ್ತಿ ದಿನ ತಾಜಾ" ಅಂತ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿ ಸಾಂಬಾರಿಗೆ ಐದರಿಂದ ಗುಣಿಸಬೇಡಿ. ಫ್ರೀಜರಿನ ಮೀನನ್ನು ಕರಗಿಸಲು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡುವಾಗಲೂ ಕವರಿನ ಒಂದು ಮೂಲೆ ಕತ್ತರಿಸಿ ಇಡಿ. ಈ ಬೊಟುಲಿನಂನ ಕೆಲವು ತಳಿಗಳು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತವೆ, ಮೀನಿನಲ್ಲಿ ಅವು ಇರುವ ಸಾಧ್ಯತೆ ಇದೆ. ಒಂದು ಕತ್ತರಿಯ ಕೆಲಸ, ಬಿಡಬೇಡಿ.

ಈಗ ಅರ್ಥ ಆಯಿತಲ್ಲ, ಗೆಳತಿಗೆ ಮೊದಲು ಫ್ರೀಜರ್ ಬಗ್ಗೆ ಯಾಕೆ ಕೇಳಿದೆ ಅಂತ. ಒಬ್ಬರೇ ಇರುವವರ ಮನೆಯಲ್ಲಿ ಸಾಮಾನ್ಯವಾಗಿ ಒಂಟಿ ಬಾಗಿಲಿನ ಫ್ರಿಜ್. ಅದರ ಮೇಲೆ ಒಂದು ಸಣ್ಣ ಫ್ರೀಜರ್ ಡಬ್ಬ, ಅದಕ್ಕೊಂದು ಪ್ಲಾಸ್ಟಿಕ್ ಬಾಗಿಲು. ಒಳಗೆ ಐಸ್ ಕಟ್ಟಿ ಕಟ್ಟಿ ಗುಹೆಯ ಬಾಯಿಯಷ್ಟೇ ಉಳಿದಿರುತ್ತದೆ. ಅಲ್ಲಿ ಒಂದು ಐಸ್ ಟ್ರೇ, ಒಂದು ಬಟಾಣಿ ಪ್ಯಾಕೆಟ್, ಯಾವಾಗಲೋ ತಂದ ಅರ್ಧ ಐಸ್‌ಕ್ರೀಮ್. ಅಷ್ಟಕ್ಕೇ ಭರ್ತಿ. ಅಂಥ ಫ್ರೀಜರ್ ಇರುವವರಿಗೆ ಮಿಷನ್ ಬಂದರೂ ಪ್ಯಾಕ್ ಮಾಡಿದ್ದನ್ನು ಇಡುವುದೆಲ್ಲಿ? ಎರಡು ಬಾಗಿಲಿನ ಫ್ರಿಜ್ ಇದ್ದು, ಫ್ರೀಜರ್ ಮೈನಸ್ 18 ಡಿಗ್ರಿಗೆ ಇಳಿಯುವಂಥದ್ದಾದರೆ ಮಾತ್ರ ಮುಂದಿನದನ್ನು ಓದಿ. (ಇಲ್ಲದಿದ್ದರೂ ಓದಿ, ಇಷ್ಟು ದೂರ ಬಂದಿದ್ದೀರಲ್ಲ.)

ಫ್ರೀಜರಿನಲ್ಲಿ ಗಾಳಿ ತೆಗೆದರೆ ಏನು ಲಾಭ ಅಂದರೆ, ಒಣಗುವುದಿಲ್ಲ. ಡಬ್ಬದಲ್ಲಿ ಎರಡು ತಿಂಗಳು ಇಟ್ಟ ಮೀನಿನ ಮೇಲೆ ಬಿಳಿ ಬಿಳಿ ಕಲೆ ಬಂದು, ಅಂಚು ಒಣಗಿದ ಹತ್ತಿಯ ಹಾಗೆ ಆಗಿರುವುದನ್ನು ನೋಡಿರುತ್ತೀರಿ. ಅದನ್ನು ಫ್ರೀಜರ್ ಬರ್ನ್ ಅಂತಾರೆ. ಸುಟ್ಟದ್ದೇನೂ ಅಲ್ಲ, ಮಂಜು ನೀರಾಗದೇ ನೇರ ಆವಿಯಾಗಿ ಹೋಗಿ ಜಾಗ ಖಾಲಿಯಾಗಿರುತ್ತದೆ. ಹೋದ ಆವಿ ಡಬ್ಬದ ಮುಚ್ಚಳಕ್ಕೆ ಹಿಮವಾಗಿ ಕೂತಿರುತ್ತದೆ. ಕವರ್ ಮೈಗೆ ಅಂಟಿದ್ದರೆ ಆವಿಗೆ ಹೋಗಲು ಜಾಗವೇ ಇಲ್ಲ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಆ ಎಣ್ಣೆ ಫ್ರೀಜರಿನಲ್ಲೂ ಮೆಲ್ಲಗೆ ಕಮಟಾಗುತ್ತದೆ.

ನನ್ನ ಮಿಷನ್ ಕೊಟ್ಟ ದುಡ್ಡಿಗೆ ಸರಿಯಾಗಿ ದುಡಿಯುವುದೇ ಇಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಇಳಿಯುವಂತಿಲ್ಲ. ಹಿಂದಿನವರು ಆ ದಿನಗಳಿಗೆ ಅಂತಲೇ ಒಣಮೀನು ಮಾಡಿಡುತ್ತಿದ್ದರು. ನಾನು ಮೇ ಕೊನೆಗೆ ಊರಿಗೆ ಹೋದಾಗ ಥರ್ಮಾಕೋಲ್ ಡಬ್ಬದಲ್ಲಿ ಐಸ್ ತುಂಬಿಸಿ ಮೂರು ನಾಲ್ಕು ಕೆಜಿ ಮೀನು ತರುತ್ತೇನೆ. ತೊಳೆದು, ಒರೆಸಿ, ಒಂದು ಊಟಕ್ಕೆ ಎರಡು ಬಂಗುಡೆ, ಇಲ್ಲ ಅಂಜಲ್‌ನ ಎರಡು ತುಂಡು, ಹೀಗೆ ಪಾಲು ಮಾಡಿ ಸೀಲ್ ಮಾಡುತ್ತೇನೆ. ಜೊತೆಗೆ ಒಣ ಸಿಗಡಿ. ಅದನ್ನು ಕೆಡದಿರಲಿ ಅಂತ ಸೀಲ್ ಮಾಡುವುದಕ್ಕಿಂತ, ಪಕ್ಕದ ಮನೆಯವರು ಓನರ್ ಹತ್ತಿರ ದೂರು ಕೊಡದಿರಲಿ ಅಂತ ಮಾಡುವುದೇ ಜಾಸ್ತಿ. ಒಣ ಸಿಗಡಿ ವಾಸನೆ ಸ್ಟೀಲ್ ಡಬ್ಬದಲ್ಲೂ ನಿಲ್ಲುವುದಿಲ್ಲ, ಈ ಕವರಿನಲ್ಲಿ ನಿಲ್ಲುತ್ತದೆ. ಆದರೆ ಸಿಗಡಿಯ ತಲೆಯ ಮುಳ್ಳು ಕವರ್ ಚುಚ್ಚುತ್ತದೆ. ಮೊದಲು ಪೇಪರಿನಲ್ಲಿ ಸುತ್ತಿ, ಆಮೇಲೆ ಕವರಿಗೆ. ಲವಂಗ, ಚಕ್ಕೆ, ಒಣಮೆಣಸಿನ ತೊಟ್ಟು, ಮೀನಿನ ರೆಕ್ಕೆ ಎಲ್ಲಕ್ಕೂ ಇದೇ ಉಪಾಯ. 300 ಕೆಜಿ ಬಲ ನೆನಪಿರಲಿ. ರಾತ್ರಿ ಗಟ್ಟಿಯಾಗಿದ್ದ ಪ್ಯಾಕ್ ಬೆಳಿಗ್ಗೆ ಸಡಿಲವಾಗಿದ್ದರೆ ಎಲ್ಲೋ ಸೂಜಿಮೊನೆಯಷ್ಟು ತೂತು ಆಗಿದೆ ಅಂತ ಅರ್ಥ.

ಸಾರು, ಗ್ರೇವಿ, ಮಸಾಲೆ ಹಚ್ಚಿದ ಮೀನು ಅಂದರೆ ಈ ಮಿಷನ್ನಿಗೆ ಆಗಿಬರುವುದಿಲ್ಲ. ಪಂಪ್ ಗಾಳಿಯ ಜೊತೆ ನೀರನ್ನೂ ಎಳೆಯುತ್ತದೆ, ಅಂಟುವ ಜಾಗ ಒದ್ದೆಯಾದರೆ ಸೀಲ್ ಕೂರುವುದಿಲ್ಲ. ಬಿಸಿ ಇದ್ದರಂತೂ ಇನ್ನೂ ತಮಾಷೆ. ಒತ್ತಡ ಇಳಿದರೆ ನೀರು ಬೇಗ ಕುದಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಬೆಂಗಳೂರಿನಲ್ಲಿ ಈ ಮಿಷನ್ ಮಾಡುವ ನಿರ್ವಾತದಲ್ಲಿ ಸುಮಾರು 70 ಡಿಗ್ರಿಗೇ ಕುದಿ ಬರುತ್ತದೆ. ಬಿಸಿ ಸಾರು ಕವರಿನೊಳಗೆ ಕೊತಕೊತ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆಮೇಲೆ ಮಿಷನ್ನಿನ ತಟ್ಟೆಯಲ್ಲಿ ಹುಣಸೆಹುಳಿ ವಾಸನೆ ಒಂದು ವಾರ ಇತ್ತು. ಈಗ ಸಾರನ್ನು ಮೊದಲು ಚೌಕ ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟು, ಇಟ್ಟಿಗೆಯ ಹಾಗೆ ಗಟ್ಟಿಯಾದ ಮೇಲೆ ತೆಗೆದು ಸೀಲ್ ಮಾಡುತ್ತೇನೆ. ಮಸಾಲೆ ಮೀನಿಗೂ ಅದೇ. ಅಂಗಡಿಗಳಲ್ಲಿ ಇರುವ, ಕವರನ್ನೇ ಪೂರ್ತಿ ಒಳಗಿಟ್ಟು ಮುಚ್ಚಳ ಹಾಕುವ ದೊಡ್ಡ ಚೇಂಬರ್ ಮಿಷನ್ನಿಗೆ ಈ ತೊಂದರೆ ಇಲ್ಲ. ಅದರ ಬೆಲೆ, ತೂಕ ಎರಡೂ ಮನೆಗೆ ತರುವಂಥದ್ದಲ್ಲ.

ದೋಸೆ ಹಿಟ್ಟು ಹಾಕಬೇಡಿ. ಅದರೊಳಗಿನ ಜೀವಿಗಳಿಗೆ ಗಾಳಿ ಬೇಕಾಗಿಲ್ಲ, ಅನಿಲ ಬಿಡುತ್ತಲೇ ಇರುತ್ತವೆ, ಕವರ್ ದಿಂಬಾಗುತ್ತದೆ. ಕೊತ್ತಂಬರಿ, ಪಾಲಕ್ ಹಾಕಬೇಡಿ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತದೆ, ಗಾಳಿ ಸಿಗದಿದ್ದರೆ ಒಳಗೊಳಗೇ ಹುಳಿತು ಲೋಳೆಯಾಗುತ್ತದೆ. ಹೂಕೋಸು, ಎಲೆಕೋಸು ಹಸಿಯಾಗಿ ಹಾಕಿದರೂ ಅನಿಲ ಬಿಟ್ಟು ಕವರ್ ಉಬ್ಬಿಸುತ್ತವೆ. ಹಸಿ ಬೆಳ್ಳುಳ್ಳಿ, ಹಸಿ ಅಣಬೆ ಬೇಡವೇ ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಕಾಫಿ ಪುಡಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಘಮ ಹೋಗದೇ ಇರಲಿ ಅಂತ. ಹೊಸದಾಗಿ ಹುರಿದ ಕಾಫಿ ತಾನೇ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ, ಸೀಲ್ ಮಾಡಿದ ಕವರ್ ಎರಡು ದಿನಕ್ಕೆ ಮೆತ್ತಗೆ ಉಬ್ಬುತ್ತದೆ. ಅಷ್ಟಕ್ಕೂ ದೇಶದ ಕಾಫಿಯಲ್ಲಿ ಸುಮಾರು 70 ಭಾಗ ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ, ಬೆಂಗಳೂರಿನಲ್ಲಿ ಪೇಟೆಪೇಟೆಗೂ ಪುಡಿ ಅಂಗಡಿ ಇದೆ, ಕಣ್ಣೆದುರೇ 100 ಗ್ರಾಂ ಬೀಸಿ ಕೊಡುತ್ತಾರೆ. ಅರ್ಧ ಕೆಜಿ ತಂದು ಸೀಲ್ ಮಾಡಿ ಇಡುವ ಕರ್ಮ ಯಾಕೆ?

ಒಬ್ಬರೇ ಇರುವವರು ತಿಳಿಯಬೇಕಾದ ಗುಟ್ಟು ಇದರಲ್ಲೇ ಇದೆ. ನಮ್ಮ ಮನೆಯಲ್ಲಿ ಪದಾರ್ಥ ಕೆಡುವುದು ಬಹಳಷ್ಟು ಸಲ ಗಾಳಿಯಿಂದಲ್ಲ, ಒಬ್ಬರಿಗೆ ಜಾಸ್ತಿ ತಂದಿದ್ದಕ್ಕೆ. ಅರ್ಧ ಕೆಜಿ ಪನೀರ್, ಒಂದು ಇಡೀ ಎಲೆಕೋಸು, 25 ಕೆಜಿ ಅಕ್ಕಿ. ಕಡಿಮೆ ತರಲು ಸಾಧ್ಯವಿದ್ದರೆ ಕಡಿಮೆ ತನ್ನಿ, ಅಷ್ಟಕ್ಕೆ ಮಿಷನ್ ಬೇಡ. ಕಡಿಮೆ ತರಲು ಆಗದ್ದು ಕೆಲವು ಇರುತ್ತವೆ. ಊರಿಂದ ಬರುವ ಪಾರ್ಸೆಲ್ಲಿಗೆ "ಇಷ್ಟೇ ಸಾಕು" ಅಂತ ಹೇಳಿ ನೋಡಿ, ಯಾವ ಅಮ್ಮ ಕೇಳುತ್ತಾರೆ? ವರ್ಷಕ್ಕೊಮ್ಮೆ ಸಿಗುವ ಹಲಸಿನ ತೊಳೆ, ಮೀನು, ತೋಟದ ಗೋಡಂಬಿ, ಇವು ಬಂದಾಗ ರಾಶಿ ಬರುತ್ತವೆ, ಆಮೇಲೆ ಆರು ತಿಂಗಳು ಇಲ್ಲ. ಅಂಥದ್ದು ನಿಮ್ಮ ಮನೆಗೆ ಬರುತ್ತದಾ? ಬಂದರೆ ಮಿಷನ್ ಬಗ್ಗೆ ಯೋಚಿಸಬಹುದು.

ದುಡ್ಡಿನ ಲೆಕ್ಕವನ್ನೂ ಹಾಕೋಣ. ಬೆಲೆಗಳು ಬ್ರ್ಯಾಂಡಿಗೊಂದು ಇರುವುದರಿಂದ ಸುಮ್ನೆ ಲೆಕ್ಕಕ್ಕೆ ಅಂತ ಹಿಡಿಯಿರಿ: ಮಿಷನ್ 3000 ರೂಪಾಯಿ, 5 ಮೀಟರಿನ ಕವರ್ ರೋಲ್ 400 ರೂಪಾಯಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಪದಾರ್ಥದ ಮೇಲೆ ಆರೇಳು ಸೆಂಟಿಮೀಟರ್ ಕವರ್ ಖಾಲಿ ಬಿಡಬೇಕು, ಇಲ್ಲದಿದ್ದರೆ ಬಾಯಿ ಮಿಷನ್ನಿಗೆ ಎಟುಕುವುದಿಲ್ಲ. ಆರು ಜನರ ಮನೆಯವರು ಒಂದು ಕೆಜಿ ಮೀನನ್ನು ಒಂದೇ ಕವರಿನಲ್ಲಿ ಹಾಕಿದರೆ ಈ ಖಾಲಿ ಭಾಗ ಒಂದೇ ಸಲ ಹೋಗುತ್ತದೆ. ನಾವು ಅದೇ ಒಂದು ಕೆಜಿಯನ್ನು ನಾಲ್ಕು ಪಾಲು ಮಾಡಿದರೆ ನಾಲ್ಕು ಸಲ ಹೋಗುತ್ತದೆ. ಪಾಲು ಚಿಕ್ಕದಾದಷ್ಟೂ ಪ್ಲಾಸ್ಟಿಕ್ ಜಾಸ್ತಿ. ಒಂದು ಪ್ಯಾಕಿಗೆ 25 ಸೆಂ.ಮೀ. ಅಂದರೆ ರೋಲಿನಲ್ಲಿ 20 ಕವರ್, ಒಂದಕ್ಕೆ 20 ರೂಪಾಯಿ. ಮಿಷನ್ ಐದು ವರ್ಷ ಬಾಳಿ, ವರ್ಷಕ್ಕೆ 50 ಪ್ಯಾಕ್ ಮಾಡಿದರೆ ಮಿಷನ್ನಿನ ಪಾಲು ಪ್ಯಾಕಿಗೆ 12 ರೂಪಾಯಿ. ಒಟ್ಟು 32.

ಈ 32 ರೂಪಾಯಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆ ಸುತ್ತಿ ಬನ್ನಿ. ಅಂಜಲ್ ಕೆಜಿಗೆ 900 ಅಂತಿಟ್ಟರೆ ಕಾಲು ಕೆಜಿ ಪ್ಯಾಕಿನಲ್ಲಿ 225 ರೂಪಾಯಿಯ ಮೀನಿದೆ. 32 ಕೊಡಬಹುದು. ಉಳಿದ ಅರ್ಧ ತೆಂಗಿನಕಾಯಿಗೆ? ಕಾಯಿ 50 ರೂಪಾಯಿ ಆದರೆ ಅರ್ಧಕ್ಕೆ 25, ಅದನ್ನು ಉಳಿಸಲು 32 ಖರ್ಚು! ಕಾಯಿಯನ್ನು ತುರಿದು, ಜಿಪ್ ಕವರಿನಲ್ಲಿ ಚಪಾತಿಯ ಹಾಗೆ ತೆಳ್ಳಗೆ ಹರಡಿ ಫ್ರೀಜರಿನಲ್ಲಿ ಇಟ್ಟರೆ ಬೇಕಾದಷ್ಟು ಮುರಿದುಕೊಳ್ಳಬಹುದು. ಒಬ್ಬರಿಗೆ ಹತ್ತು ದಿನದಲ್ಲಿ ಖರ್ಚಾಗುತ್ತದೆ, ಫ್ರೀಜರ್ ಬರ್ನ್ ಬರುವಷ್ಟು ಕಾಲ ಉಳಿಯುವುದೇ ಇಲ್ಲ. ಕುಚ್ಚಲಕ್ಕಿಗೆ ನುಸಿ ಬೀಳುತ್ತದೆ ಅಂತ ಸೀಲ್ ಮಾಡುವವರಿದ್ದಾರೆ. ಕೆಲಸ ಮಾಡುತ್ತದೆ, ಸುಳ್ಳಲ್ಲ, ನುಸಿಯ ಮೊಟ್ಟೆ ಕಾಳಿನೊಳಗೇ ಇರುತ್ತದೆ, ಗಾಳಿ ಇಲ್ಲದೇ ಮರಿ ಬದುಕುವುದಿಲ್ಲ. ಆದರೆ ಅಕ್ಕಿಯನ್ನು ನಾಲ್ಕು ದಿನ ಫ್ರೀಜರಿನಲ್ಲಿ ಇಟ್ಟು ತೆಗೆದು, ಗಟ್ಟಿ ಮುಚ್ಚಳದ ಡಬ್ಬಕ್ಕೆ ತುಂಬಿದರೂ ಅದೇ ಆಗುತ್ತದೆ.

ಕವರ್ ತೊಳೆದು ಮತ್ತೆ ಬಳಸಬಹುದಾ ಅಂತ ಕೇಳುತ್ತೀರಿ, ಗೊತ್ತು. ನಾವು ಹಾಲಿನ ಕವರ್ ತೊಳೆದು ಒಣಗಿಸುವ ಜನ. ಗೋಡಂಬಿ, ಮಸಾಲೆ ಪುಡಿ ಹಾಕಿದ್ದಾದರೆ ಬಳಸಬಹುದು, ಪ್ರತಿ ಸಲ ಬಾಯಿ ಕತ್ತರಿಸಿ ಎರಡು ಮೂರು ಸೆಂಟಿಮೀಟರ್ ಕುಗ್ಗುತ್ತದೆ ಅಷ್ಟೆ. ಹಸಿ ಮೀನು, ಮಾಂಸ ಹಾಕಿದ್ದನ್ನು ಬೇಡ. ಆ ಉಬ್ಬುತಗ್ಗಿನ ಗೆರೆಗಳ ನಡುವೆ ಏನು ಕೂತಿದೆ ಅಂತ ನೋಡಲಾಗುವುದಿಲ್ಲ. ಎರಡು ಥರದ ಪ್ಲಾಸ್ಟಿಕ್ ಅಂಟಿಸಿದ್ದರಿಂದ ಮರುಬಳಕೆಗೂ ಸುಲಭದಲ್ಲಿ ಹೋಗುವುದಿಲ್ಲ. ನನಗೆ ಇದರ ಬಗ್ಗೆ ಮನಸ್ಸಿನಲ್ಲಿ ಸ್ವಲ್ಪ ಚುಚ್ಚುತ್ತದೆ.

ಮಿಷನ್ ಇಲ್ಲದೇ ಗಾಳಿ ತೆಗೆಯುವ ಒಂದು ಉಪಾಯ ಹೇಳಿಬಿಡುತ್ತೇನೆ, ಇದು ಗೊತ್ತಾದ ಮೇಲೆ ಅರ್ಧ ಜನ ಮಿಷನ್ ಕೊಳ್ಳುವುದಿಲ್ಲ. ಜಿಪ್ ಕವರಿಗೆ ಮೀನು ಹಾಕಿ, ಜಿಪ್ಪನ್ನು ಒಂದು ಮೂಲೆಯಲ್ಲಿ ಬೆರಳಷ್ಟು ಬಿಟ್ಟು ಮುಚ್ಚಿ. ಬಕೆಟ್ ನೀರಿನಲ್ಲಿ ಕವರನ್ನು ಮೆಲ್ಲಗೆ ಮುಳುಗಿಸುತ್ತಾ ಹೋಗಿ, ಆ ಮೂಲೆ ಮಾತ್ರ ನೀರಿನ ಮೇಲಿರಲಿ. ನೀರು ನಾಲ್ಕೂ ಕಡೆಯಿಂದ ಒತ್ತಿ ಗಾಳಿಯನ್ನು ಹೊರಗೆ ದೂಡುತ್ತದೆ, ಕವರ್ ಮೀನಿನ ಮೈಗೆ ಅಂಟುತ್ತದೆ. ಆಗ ಮೂಲೆ ಮುಚ್ಚಿ, ಒರೆಸಿ, ಫ್ರೀಜರಿಗೆ. ಸಾರು, ಮಸಾಲೆ ಮೀನಿಗಂತೂ ಇದು ಮಿಷನ್ನಿಗಿಂತ ವಾಸಿ. ಒಂದು ತಿಂಗಳಿಗೆ ಆರಾಮಾಗಿ ನಡೆಯುತ್ತದೆ. ಎರಡು ತಿಂಗಳು ದಾಟಿಸಬೇಕು ಅಂದರೆ ಜಿಪ್ ಕವರ್ ಸೋಲುತ್ತದೆ, ಜಿಪ್ಪಿನ ಸಂದಿಯಲ್ಲಿ ಗಾಳಿ ನುಸುಳುತ್ತದೆ.

ಕೊಳ್ಳುವುದೇ ಅಂತ ತೀರ್ಮಾನ ಆಗಿದ್ದರೆ ಎರಡು ವಿಷಯ ನೋಡಿ. ಗಾಳಿ ಎಳೆಯುವುದನ್ನು ನಡುವೆ ನಿಲ್ಲಿಸಿ ತಕ್ಷಣ ಸೀಲ್ ಮಾಡುವ ಬಟನ್ ಇರಬೇಕು. ಚಕ್ಕುಲಿ, ಹಪ್ಪಳಕ್ಕೆ ಗಾಳಿ ಎಳೆಯದೇ ಬರೀ ಸೀಲ್ ಮಾಡಲೂ ಆ ಬಟನ್ನೇ ಬೇಕು. ಆ ಬಟನ್ ಮೊದಲೇ ಗೊತ್ತಿದ್ದಿದ್ದರೆ ನನ್ನ ಚಕ್ಕುಲಿ ಉಳಿಯುತ್ತಿತ್ತು. ಇನ್ನೊಂದು, ಮುಚ್ಚಳದ ಸುತ್ತ ಇರುವ ಸ್ಪಂಜಿನಂಥ ಪಟ್ಟಿ ಬೇರೆಯಾಗಿ ಸಿಗುತ್ತದಾ ಅಂತ ಕೇಳಿ. ಮೊದಲು ಹಾಳಾಗುವುದು ಅದೇ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಟಕ್ ಅಂತ ಲಾಕ್ ಮಾಡಿ ಅಟ್ಟಕ್ಕೆ ಹಾಕಬೇಡಿ, ಪಟ್ಟಿ ತಿಂಗಳುಗಟ್ಟಲೆ ಅಮುಕಿಕೊಂಡೇ ಇದ್ದರೆ ಚಪ್ಪಟೆಯಾಗಿ ಗಾಳಿ ಹಿಡಿಯುವುದಿಲ್ಲ. ಕವರಿಗೆ ತುಂಬುವಾಗ ಬಾಯಿಯನ್ನು ಪ್ಯಾಂಟಿನ ಮಡಿಕೆಯ ಹಾಗೆ ಹೊರಗೆ ಮಡಚಿ ತುಂಬಿ, ಆಮೇಲೆ ಬಿಡಿಸಿ. ಅಂಟುವ ಜಾಗಕ್ಕೆ ಜಿಡ್ಡು, ನೀರು ತಾಗುವುದಿಲ್ಲ. ಮಾಂಸ ಸೀಲ್ ಮಾಡಿದ ಮೇಲೆ ಕೆಂಪು ಹೋಗಿ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಆಮ್ಲಜನಕ ಸಿಗದೇ ಹಾಗಾಗುವುದು, ಬಿಚ್ಚಿ ಸ್ವಲ್ಪ ಹೊತ್ತು ಇಟ್ಟರೆ ಕೆಂಪು ವಾಪಸ್ ಬರುತ್ತದೆ.

ಗೆಳತಿಗೆ ಇಷ್ಟೆಲ್ಲ ಹೇಳಲಿಲ್ಲ. "ಒಂದು ತಿಂಗಳು ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸು, ಬಿಸಾಡಿದ್ದನ್ನೆಲ್ಲ ಬರಿ" ಅಂದೆ. ಮೊನ್ನೆ ಚೀಟಿಯ ಫೋಟೋ ಕಳಿಸಿದಳು. ಕೊತ್ತಂಬರಿ ಒಂದು ಕಟ್ಟು. ಕೊತ್ತಂಬರಿ, ಮತ್ತೆ. ಅರ್ಧ ಸೌತೆಕಾಯಿ. ದೋಸೆ ಹಿಟ್ಟು, ಹುಳಿ ಬಂದದ್ದು. ಮೊಸರು. ಬ್ರೆಡ್ ಆರು ಸ್ಲೈಸ್. ನಿನ್ನೆಯ ಅನ್ನ. ಹೋಟೆಲಿನ ಗ್ರೇವಿ, ಯಾವತ್ತಿನದೋ ಗೊತ್ತಿಲ್ಲ. ಇದರಲ್ಲಿ ಮಿಷನ್ ಉಳಿಸುತ್ತಿದ್ದದ್ದು ಅಂತ ಏನಾದರೂ ಇದ್ದರೆ ಬ್ರೆಡ್, ಅದೂ ಕವರ್ ಸಮೇತ ಫ್ರೀಜರಿಗೆ ಎಸೆದಿದ್ದರೆ ಸಾಕಿತ್ತು. ಅವಳು ಮಿಷನ್ ಬಿಟ್ಟು ಒಂದು ಮಾರ್ಕರ್ ಪೆನ್ ತಗೊಂಡಳು, ಡಬ್ಬದ ಮೇಲೆ ತಾರೀಖು ಬರೆಯಲು.

ನನ್ನದು ಈಗ ಅಟ್ಟದ ಮೇಲಿದೆ, ಮುಚ್ಚಳ ಸಡಿಲ ಬಿಟ್ಟು. ಮೇ ಕೊನೆಯ ವಾರ ಕೆಳಗೆ ಇಳಿಯುತ್ತದೆ. ಹೋದ ವರ್ಷ ಆಗಸ್ಟ್ ಮೊದಲ ವಾರ ಫ್ರೀಜರಿನ ಮೂಲೆಯಲ್ಲಿ ಕೊನೆಯ ಬಂಗುಡೆ ಪ್ಯಾಕ್ ಒಂದು ಸಿಕ್ಕಿತ್ತು, ಮೈಮೇಲೆ ಒಂದು ಬಿಳಿ ಕಲೆ ಇರಲಿಲ್ಲ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ನಾಳೆ ಬೋಟು ಬರ್‍ತದೆ, ಹೊಸ ಮೀನು ಸಿಗ್ತದೆ, ಅದನ್ನು ಬೆಕ್ಕಿಗೆ ಹಾಕು" ಅಂದರು.